ಜೋಡಿ ಚುಕ್ಕೆಗೆರೆ

ಗ್ರಾಮನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ,
ಕಾಲುದಾರಿಗೆ ಒಂಟಿ.
ಹತ್ತೊಂಬತ್ತು ವರ್ಷ ಗುಡಿಬಂಡೆಯ ಸರ್ವೆ ಕಚೇರಿಯಲ್ಲಿ
ಬಟ್ಟೆಗೆ ಅಂಟಿಸಿದ ಹಾಳೆಗಳ ಸುರುಳಿ ಬಿಚ್ಚಿದ್ದೇನೆ, ಸುತ್ತಿದ್ದೇನೆ,
ಒಮ್ಮೆಯೂ ಕೇಳಿರಲಿಲ್ಲ
ಚುಕ್ಕೆಗೂ ಚುಕ್ಕೆಗೂ ನಡುವೆ ಏನಿದೆ ಎಂದು.

ಸೈಕಲ್ಲು ಬಂದದ್ದು ಆಮೇಲೆ.
ಯಾರೋ ಸಾಕಾಗಿ ಮಾರಿ ಹೋದದ್ದು,
ಟಗರಿನ ಕೊಂಬಿನ ಹಾಗೆ ಬಾಗಿದ ಹಿಡಿ,
ಕೊಳವೆಯ ಮೇಲೆ ಅರ್ಧ ಕಿತ್ತುಬಂದ ಇಟಲಿಯ ಹೆಸರು.
ದಸ್ತಗೀರ್ ಸಾಬರು ಅದನ್ನು ತಲೆಕೆಳಗು ನಿಲ್ಲಿಸಿ
ಚಕ್ರ ತಿರುಗಿಸಿ ಕಿವಿಗೊಟ್ಟು
"ಟಾರಿಗಲ್ಲ ಮೇಡಂ ಇದು, ಕಡಿಗೆ ಹುಟ್ಟಿದ್ದು.
ಅವರ ಊರಲ್ಲೂ ಗುಡ್ಡ ಇರಬೇಕು, ಬಿಳೀ ಮಣ್ಣಿನ ದಾರಿ,
ಅಕ್ಕಪಕ್ಕ ದ್ರಾಕ್ಷಿ ತೋಟ" ಎಂದರು.
ದ್ರಾಕ್ಷಿ ನಮ್ಮಲ್ಲೂ ಇದೆ ಎಂದೆ.
"ಮತ್ತಿನ್ನೇನು" ಅಂತ ಗಾಳಿ ಸ್ವಲ್ಪ ಕಮ್ಮಿ ಹಾಕಿಕೊಟ್ಟರು.

ಭಾನುವಾರ. ಇನ್ನೂ ಬೆಳಕು ಹರಿದಿಲ್ಲ.
ಬೆನ್ನಿನ ಕೊಳವೆಯಲ್ಲಿ ನಕಲು ನಕಾಶೆ, ಬಾಟಲಿಯಲ್ಲಿ ಮಜ್ಜಿಗೆ,
ನಲವತ್ತಾರು ತುಂಬಿದ ಮಂಡಿ ಎರಡು.
ಕೆರೆಯ ಏರಿ ಏರಿ, ಕೋಡಿಯ ಹತ್ತಿರ ಇಳಿದು,
ಟಾರು ಮುಗಿಯುವಲ್ಲಿ ಸದ್ದು ಬದಲಾಯಿತು:
ಹುರಿಗಡಲೆ ಅಗಿಯುವ ಬಾಯಿ, ಚಕ್ರ.
ಮೊದಲ ಏರಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆಗಳು ನಕ್ಕವು.
ಎರಡನೆಯದಕ್ಕೆ ನನ್ನ ಉಸಿರು ಮುಂದೆ ಓಡಿ
ಹುಣಸೆಮರದಡಿ ಕಾಯುತ್ತ ಕೂತಿತು.
ಮೂರನೆಯದರಲ್ಲಿ ಇಳಿದು ತಳ್ಳಿದೆ.
ನಾಚಿಕೆಯೇನಿಲ್ಲ,
ಎತ್ತುಗಳಿಗೂ ಇಲ್ಲಿ ಹೊರೆ ಇಳಿಸುತ್ತಿದ್ದರಂತೆ.

ಬಂಡೆಯ ಮೈಮೇಲೆ ಸಿಕ್ಕವು ಆಗ ಎರಡು ಜಾಡು,
ಬೆರಳುದ್ದ ಆಳ, ಉದ್ದಕ್ಕೂ ಸಮದೂರ.
ಕಬ್ಬಿಣದ ಪಟ್ಟಿಯ ಗಾಲಿಗಳು
ಎಷ್ಟು ಸುಗ್ಗಿ ಹತ್ತಿಳಿದು ಕೊರೆದದ್ದೋ.
ಸುಳ್ಳು ಹೇಳಿರಲಿಲ್ಲ ಜೋಡಿ ಚುಕ್ಕೆ.
ಯಾರೋ ಸರಪಳಿ ಎಳೆದು, ಇಲ್ಲೇ ಕೂತು,
ಬೆವರು ಹಾಳೆಗೆ ಬೀಳದಂತೆ ಇಟ್ಟದ್ದು.
ಒಂದು ಜಾಡಿಗೆ ಚಕ್ರ ಇಳಿಸಿದೆ.
ಇನ್ನೊಂದು, ಖಾಲಿಯಾಗಿ, ಪಕ್ಕದಲ್ಲೇ ಬಂತು
ಬಹಳ ದೂರ.

ಗುಟ್ಟಮೀದಪಲ್ಲಿ. ಗುಡ್ಡದ ಮೇಲಿನ ಹಳ್ಳಿ ಎಂದರ್ಥ.
ಕಡಲೆಕಾಯಿ ಕೀಳುತ್ತಿದ್ದ ಮುದುಕಿ ತಲೆಯೆತ್ತಿ
"ಈ ದೋವ ಪೋದಮ್ಮಾ" ಎಂದಳು.
ಹೋಗುವುದಿಲ್ಲ ಈ ದಾರಿ.
ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಕಾಶೆಯಲ್ಲಿ ಇಲ್ಲಿ ಗೀರುಗೀರಾಗಿ ಬೆಟ್ಟ,
ಸರ್ವೆ ನಂಬರ್ ನಲವತ್ತೊಂದು, ಖರಾಬು,
ನೆತ್ತಿಯಲ್ಲೊಂದು ತ್ರಿಕೋನದ ಗುರುತು.
ಕಣ್ಣೆದುರು ಬರೀ ಗಾಳಿ.
ಗಾಳಿಯ ಬುಡದಲ್ಲಿ ಹಸಿರು ನೀರು,
ಹಲ್ಲು ಕಿತ್ತ ವಸಡಿನ ಹಾಗೆ ನೀರಿನ ಸುತ್ತ ಕಲ್ಲು,
ತುಕ್ಕು ಹಿಡಿದು ನಿಂತ ಕ್ರಷರು.
ಜಾಡು ಅಂಚಿನವರೆಗೆ ಬಂದು ನಿಂತು
ಆಚೆ ದಡದಲ್ಲಿ, ಏನೂ ಆಗದ ಹಾಗೆ, ಮತ್ತೆ ಶುರುವಾಗಿತ್ತು.
ಒಂದು ಮಿಂಚುಳ್ಳಿ ಆ ನಡುವನ್ನು ದಾಟಿತು.

ಬೆಟ್ಟ ಎಲ್ಲಿ ಹೋಯಿತು ಅಜ್ಜಿ?
ಅವಳು ಗಿಡದ ಮಣ್ಣು ಕೊಡವಿ, ಕನ್ನಡಕ್ಕೆ ಹೊರಳಿ,
ನನ್ನ ಟಯರಿನ ಕಡೆ ಗದ್ದ ತೋರಿದಳು:
"ಅದರ ಮೇಲೇ ತಾನೇ ನೀನು ಬಂದಿದ್ದು?"

ವಾಪಸ್ಸು ಹೊಸ ಕಡಿ ರಸ್ತೆ. ಹನ್ನೊಂದು ಕಿಲೋಮೀಟರು, ಸಪಾಟು.
ಸೊಂಟ ಯಾವುದು, ನೆತ್ತಿ ಯಾವುದು, ತಿಳಿಯದೆ
ಅಡ್ಡ ಮಲಗಿಸಿದ ಬೆಟ್ಟವನ್ನು ಹತ್ತುತ್ತ ಬಂದೆ.
ಏರೇ ಇಲ್ಲದ ಕಡೆ ತೊಡೆ ನಡುಗಿದ್ದು ಯಾಕೆ ಎಂದು
ದಸ್ತಗೀರ್ ಸಾಬರಿಗೆ ಹೇಳಲು ಬರಲಿಲ್ಲ.
ಅವರು ಟಯರಿನ ಸಂದಿಯಿಂದ ಕಲ್ಲಿನ ಚೂರೊಂದನ್ನು
ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದು ಬಿಸಾಡಲು ಹೋದರು.
ಇರಲಿ, ಕೊಡಿ ಎಂದೆ.

ನಲವತ್ತೊಂದರ ಹಾಳೆ, ಬಿಚ್ಚಿಟ್ಟರೆ,
ಮತ್ತೆ ಮತ್ತೆ ಸುತ್ತಿಕೊಳ್ಳುತ್ತದೆ.
ಅದರ ಮೇಲೆ ಇಡಲು ಏನಾದರೂ ಬೇಕಿತ್ತು.
ತೂಕ ಸಾಲದು.
ಆದರೂ ಇಟ್ಟಿದ್ದೇನೆ.