ಮುಂಗೈ ಮೇಲಿನ ರೂಟು

ಟಮಕದ ಆಸ್ಪತ್ರೆಯಲ್ಲಿ ಎಡಗೈ ಚಾಚಿಸಿ
ನೀಲಿ ಪೆನ್ನಲ್ಲಿ ಎರಡು ಸಾಲು ಅಂಕಿ ಬರೆದರು.
ಅಂಕಿಗೊಂದು ಹನಿ, ಹನಿಗೊಂದು ಸೂಜಿಮೊನೆ.
"ಇಪ್ಪತ್ತು ನಿಮಿಷ ಕೆರ್ಕೋಬೇಡಿ" ಅಂದಳು ಡಾಕ್ಟರ್ ಹುಡುಗಿ,
ಫೋನಿನಲ್ಲಿ ಅಲಾರಾಂ ಇಟ್ಟು ಹೋದಳು.

ಕೆರೆದುಕೊಳ್ಳದೆ ಕೂತೆ.
ಕೋಲಾರ–ತುಮಕೂರು ಗಾಡಿಯಲ್ಲಿ ಹದಿನಾಲ್ಕು ವರ್ಷ,
ಹನ್ನೆರಡು ರೂಪಾಯಿ ಟಿಕೆಟ್ಟಿಗೆ ಐನೂರರ ನೋಟು ಚಾಚಿದವರೆದುರೂ
ಇಷ್ಟು ತಡೆದುಕೊಂಡವಳಲ್ಲ ಈ ವೆಂಕಟರವಣಮ್ಮ.

ಮೊದಲು ಉಬ್ಬಿದ್ದು ನಾಲ್ಕನೆಯದು. ಸರ್ವೆ ಮರ, ಅಂದಳು.
ಹೇಳಬೇಕೇ? ಚಿಂತಾಮಣಿಗೆ ಇನ್ನೂ ಎರಡು ಸ್ಟಾಪು ಇರುವಾಗಲೇ
ತೋಪಿನ ಕಡೆಯಿಂದ ಗಾಳಿ ತಿರುಗಿದರೆ
ಅಂಗುಳಲ್ಲಿ ಇರುವೆ ಹರಿಯುತ್ತದೆ.
ಆಮೇಲೆ ಒಂಬತ್ತು: ಕಾಂಗ್ರೆಸ್ ಗಿಡ.
ಅದಕ್ಕೆ ಇಂಥದೇ ಊರು ಅಂತಿಲ್ಲ, ಟಿಕೆಟ್ಟೂ ಇಲ್ಲ,
ಡಿಪೋ ಗೋಡೆಯಿಂದ ಡಿಪೋ ಗೋಡೆವರೆಗೆ
ರಸ್ತೆಯ ಎರಡೂ ಬದಿ ಬಿಳಿ ಹೂ ಹೊತ್ತು ನಿಂತಿರುತ್ತದೆ.
ಹನ್ನೊಂದು, ಸೇವಂತಿಗೆ. ಚಿಕ್ಕಬಳ್ಳಾಪುರದಲ್ಲಿ
ಮೂಟೆ ಮೂಟೆ ಹತ್ತಿಸಿ ಹಿಂದಿನ ಸೀಟಿನ ಕೆಳಗೆ ತುರುಕುತ್ತಾರೆ,
ಲಗೇಜು ಚೀಟಿ ಹರಿದುಕೊಡುವಷ್ಟರಲ್ಲಿ ನನ್ನ ಕಣ್ಣು ಟೊಮೇಟೊ.
ಗೌರಿಬಿದನೂರಿನ ಮುಸುಕಿನ ಜೋಳ ಮಾತ್ರ ತೆಪ್ಪಗಿತ್ತು.
ಪಾಪ, ಅದರ ಮೇಲೆ ಎಷ್ಟು ವರ್ಷ ಗುಮಾನಿಪಟ್ಟಿದ್ದೆ!

ಮಣಿಕಟ್ಟು ಕೋಲಾರ, ಮೊಣಕೈ ತುಮಕೂರು,
ನಡುವೆ ಕೆಂಪಗೆ ದದ್ದೆದ್ದ ಸ್ಟಾಪುಗಳು.
ಕೊನೆಯಲ್ಲಿ, ಅಲಾರಾಂ ಹೊಡೆಯುವ ಹೊತ್ತಿಗೆ,
ಹದಿನೇಳನೆಯದು ಎಂಟಾಣೆ ಅಗಲಕ್ಕೆ ಎದ್ದು ಕೂತಿತು.
ಅದು ಹೂವಲ್ಲ, ಮರವಲ್ಲ. ಬೂಷ್ಟು.

"ಧೂಳು ಗಾಳಿ ಇಲ್ಲದ ಕಡೆ ಕೆಲಸ ಸಿಗುತ್ತಾ?"
ಡಿಪೋ ಮ್ಯಾನೇಜರು ಚೀಟಿ ಓದಿ ಮರುಗಿದರು.
ರೆಕಾರ್ಡು ರೂಮು ಕೊಟ್ಟರು.
ಕಿಟಕಿಯಿಲ್ಲ, ಹೂವಿಲ್ಲ, ಚಿಲ್ಲರೆ ಜಗಳವಿಲ್ಲ,
ಆಷಾಢದ ಸೋನೆ ಒಸರುವ ಮೂಲೆಯಲ್ಲಿ
ಇಪ್ಪತ್ತು ವರ್ಷದ ವೇಬಿಲ್ಲುಗಳು, ಸೆಣಬಿನ ದಾರ ಕಟ್ಟಿದ್ದವು.
ಒಂದು ಕಟ್ಟು ಬಿಚ್ಚಿದೆ. ನನ್ನದೇ ಕೈಬರಹ,
ಹೊಸದಾಗಿ ಸೇರಿದ ವರ್ಷದ್ದು, ದುಂಡಗೆ, ಹೆದರಿಕೊಂಡು ಬರೆದದ್ದು,
ಮೇಲೆಲ್ಲ ಹಸುರು ಹತ್ತಿ ಹಾಸಿದ ಹಾಗೆ.
ಊದಿದೆ. ಊದಬಾರದಿತ್ತು.
ಅವತ್ತು ಮಧ್ಯಾಹ್ನ ಆಟೋದಲ್ಲಿ ಮಲಗಿಸಿ ಕರೆದೊಯ್ದರಂತೆ.

ಹಾಗಾಗಿ ಈ ಕಾರ್ತಿಕದಲ್ಲಿ ಮತ್ತೆ ಅದೇ ಗಾಡಿ, ಮೂಗಿಗೆ ಬಟ್ಟೆ,
ಕ್ಯಾಷ್ ಬ್ಯಾಗಿನಲ್ಲಿ ಬಿಡಿ ನಾಣ್ಯದ ಜೊತೆ ಪಂಪು.
ಕಾಲೇಜಿನ ಹುಡುಗನೊಬ್ಬ ಫೋನು ತೋರಿಸುತ್ತಾನೆ:
"ಆಂಟಿ, ಇವತ್ತು ಪರಾಗ ಮಧ್ಯಮ."
ಚಿಂತಾಮಣಿಗೂ ಮಧ್ಯಮ, ಮಧುಗಿರಿಗೂ ಮಧ್ಯಮ,
ಕೊರಟಗೆರೆಗೂ ಅದೇ.
ಬೆಂಗಳೂರಿನ ಯಾವುದೋ ತಾರಸಿಯ ಮೇಲೆ ಎಣಿಸಿದ್ದನ್ನು
ನಮಗೂ ಒಂದೊಂದು ಸೌಟು ಬಡಿಸಿರಬೇಕು.
ಅದಕ್ಕೇನು ಗೊತ್ತು,
ಮಧುಗಿರಿ ಮಂಡಿಯ ಮುಂದೆ ನೆನೆದ ಕಡಲೆಕಾಯಿ ಮೂಟೆ
ಬಾಯಿ ಬಿಚ್ಚಿ ಒಣಗಲು ಕೂತ ಸಂಗತಿ?
ಗಾಡಿ ತಿರುವು ಹೊರಳುವ ಮೊದಲೇ ನನ್ನ ಎದೆ ಕೊಳಲೂದುತ್ತದೆ.
ಡ್ರೈವರ್ ಪಿಳ್ಳಪ್ಪ ಕನ್ನಡಿಯಲ್ಲಿ ನೋಡುತ್ತಾನೆ.
"ಈಗ ಬಂದಿದ್ದು ಸೀಟಿನಾ, ಸೀನಾ, ರವಣಮ್ಮ?
ಒಂದಕ್ಕೆ ಗೇರು ಹಾಕ್ಬೇಕು, ಒಂದಕ್ಕೆ ಬೇಡ."

ಇವತ್ತು ಕೊರಟಗೆರೆಯಲ್ಲಿ ರೈಟ್ ಹೇಳಲು ಬಾಯ್ತೆರೆದರೆ
ಸೀನು ಬಂತು. ಒಂದೇ ಒಂದು.
"ಒಂಟಿ ಸೀನು! ನಿಲ್ಸಪ್ಪಾ" ಅಂದಳು ಮುಂದಿನ ಸೀಟಿನ ಮುದುಕಿ,
ಮಡಿಲ ಗಂಟನ್ನು ಎರಡೂ ಕೈಯಲ್ಲಿ ಹಿಡಿದು.
ಇನ್ನೊಂದು ಬರಲಿ ಎಂದು ಸೂರ್ಯನ ಕಡೆ ಮುಖವೆತ್ತಿದೆ.
ನಲವತ್ತೆರಡು ಜನ,
ನಾನು ಸೀನಿದರೆ ಸೆರಗು ಅಡ್ಡ ಹಿಡಿದು ಕಿಟಕಿಗೆ ತಿರುಗುವವರು,
ಉಸಿರು ಬಿಗಿಹಿಡಿದು ನನ್ನ ಮೂಗನ್ನೇ ನೋಡುತ್ತ ಕೂತರು.
ಬರಲಿಲ್ಲ.
ಪಿಳ್ಳಪ್ಪ ಕ್ಲಚ್ಚು ತುಳಿದೇ ಇದ್ದ.