ಅರ್ಧ ತಿಕೀಟು

ಹೆಡ್ ಮಾಸ್ತರ್ರು ಒಂದು ಹಾಳಿ ಕೊಟ್ಟಾರ, ನಾಕು ಖಾನೆ ಕೊರದು:
ತಾರೀಖು. ಹವಾ. ಏನು ಆಡಿಸಿದಿರಿ. ಹುಡುಗ ಏನು ಕಲಿತ.
ಊರಾಗಿನ ಒಬ್ಬ ದೊಡ್ಡವರಿಗೆ ಸಾಲಿಯ ಒಂದು ಕೂಸು,
ಶನಿವಾರಕ್ಕ ಎರಡು ತಾಸು, ಬಿಸಲಿರಲಿ ಮಳಿ ಇರಲಿ.
ನನ್ನ ಪಾಲಿಗೆ ಬಂದಾಂವ ದಸ್ತಗೀರ, ಮೂರನೇ ಇಯತ್ತೆ.
ಮಾತು ಕಮ್ಮಿ, ಮೂಗು ಸದಾ ಸೋರ್ತದ.
ನಾನರೆ ಮೂವತ್ತೊಂದು ವರ್ಷ ಎಸ್ಟಿ ಕಂಡಕ್ಟರ್,
ಹುಡುಗರಿಗೆ 'ಹಿಂದ ಸರೀರೋ' ಅಂದದ್ದು ಬಿಟ್ರ
ಬ್ಯಾರೆ ಮಾತಾಡಿ ಗೊತ್ತಿಲ್ಲ.

ಚೈತ್ರದಾಗ
ಕಟ್ಟಿಯ ಕಲ್ಲು ಹಂಚಿನಂಗ ಕಾದಿತ್ತು.
ತಂಬಿಗಿ ನೀರಾಗ ಬೆರಳೆದ್ದಿ ಹೆಸರು ಬರಿ ಅಂದೆ,
ಒಣಗೂದ್ರೊಳಗ ಮುಗಿಸಿದಾಂವ ಗೆದ್ದಂಗ.
ಮಾಳಪ್ಪ ಅಂತ ಮೂರಕ್ಷರ ನಂದು, ಆರಾಮ ಗೆದ್ದೆ.
ಅವಂದು ನಾಕು, ಮ್ಯಾಲೊಂದು ಒತ್ತು ಬ್ಯಾರೆ,
'ರ' ಬರೂದ್ರಾಗ 'ದ' ಆರಿ ಹೋಗಿರತಿತ್ತು.
ಹತ್ತು ಸರ್ತಿ ಸೋತ.
ಹನ್ನೊಂದನೇದಕ್ಕ ಎರಡೂ ಕೈ ತಂಬಿಗ್ಯಾಗ ಅದ್ದಿ
ಎಡಗೈಲೆ ಮುಂದಿನರ್ಧ ಬಲಗೈಲೆ ಹಿಂದಿನರ್ಧ
ಒಮ್ಮೆಲೇ ಬರದು, ಕಲ್ಲಿನ ಮ್ಯಾಲೆ ಪೂರಾ ಕುಂತ.
ಖಾನೆಯೊಳಗ ಬರಕೊಂಡೆ: ಹವಾ, ಬೆಂಕಿ. ಕಲಿತಾಂವ, ನಾನು.

ಆಷಾಢದ ಗಾಳಿಗೆ
ಗುಡ್ಡದ ಮ್ಯಾಲಿನ ಪವನಚಕ್ಕಿಯ ರೆಕ್ಕಿ ಎಣಿಸಿದ್ವಿ,
ಅಂವಾ ಕನ್ನಡದಾಗ, ನಾ ಮರಾಠಿಯೊಳಗ.
ಐವತ್ತರ ಹತ್ರ ಇಬ್ರೂ ತಪ್ಪಿದ್ವಿ.
ನನ್ನ ಟೋಪಿ ಹಾರಿ ಯಾರದೋ ತೊಗರಿ ಹೊಲಕ್ಕ ಹೋತು,
ಅದರ ಹಿಂದ ಓಡೂದ ಆ ಶನಿವಾರದ ಪಾಠ.
ಅವತ್ತ ಮೊದಲನೇ ಸಲ ನಕ್ಕ. ನಾ ಬಿದ್ದಿದ್ದೆ.

ನಮ್ಮ ಸಂಖದಾಗ ಮಳಿ ಅಂದ್ರ ಸಿಟ್ಟಿನ ಬೀಗರು,
ಹೇಳಿ ಬರಂಗಿಲ್ಲ, ಬಂದ್ರ ಕೂಡಂಗಿಲ್ಲ.
ಚಿತ್ತಿ ಹನಿ ಬಿದ್ದಾಗ ಪಡಸಾಲ್ಯಾಗ ಬಸ್ ಕಟ್ಟಿದ್ವಿ:
ಜ್ವಾಳದ ಚೀಲ ಸೀಟು, ಮೊರ ಸ್ಟೇರಿಂಗು, ಒನಕಿ ಗೇರು.
ಟ್ರಂಕಿನ ತಳದಾಗಿದ್ದ ಪಂಚು ತಗದು ಎಣ್ಣಿ ಬಿಟ್ಟೆ.
ಟಕ್ ಟಕ್. ಜತ್ತ, ಮುಚಂಡಿ, ದರಿಬಡಚಿ, ಸಂಖ!
ಎಲ್ಲಿಗೆಪಾ?
'ಶಿರೋಳ.'
ಈ ಬಸ್ ಶಿರೋಳಕ್ಕ ಹೋಗಂಗಿಲ್ಲ. ಇಳಿ.
ಸುಮ್ಮನ ಇಳದ.
ಸ್ವಾತಿ ಮಳಿಗೂ ಹತ್ತಿದ, ಅದ ಊರು ಕೇಳಿದ,
ಮತ್ತ ಇಳಿಸಿದೆ. ರೂಲ್ ಅಂದ್ರ ರೂಲು.
ಅವರಪ್ಪ ಅವ್ವ ಅಲ್ಲಿ ಕಬ್ಬು ಕಡಿಲಿಕ್ಕೆ ಹೋಗ್ಯಾರಂತ
ಹಿಟ್ಟಿನ ಗಿರಣಿಯಾಕಿ ಹೇಳಿದ್ದು
ದೀಪಾವಳಿ ಮುಗದು ಎಂಟು ದಿನಕ್ಕ.

ಥಂಡಿ ಬಿತ್ತು. ಮುಂಜಾನೆ ಇಬ್ರೂ ಕಟ್ಟಿಗೆ ಕುಂತು
ಬೀಡಿ ಇಲ್ಲದ ಹೊಗಿ ಬಿಟ್ವಿ, ಯಾರದು ಉದ್ದಂತ.
ಇದನ್ನ ಹಾಳಿಯೊಳಗ ಬರೀಲಿಲ್ಲ.

ಮುಂದಿನ ಶನಿವಾರ ನನಗ ಜ್ವರ.
ಹೋಗಪಾ, ಇವತ್ತ ಹವಾ ನನ್ನೊಳಗ ಕೆಟ್ಟದ ಅಂದೆ.
ಹೋಗಲಿಲ್ಲ. ಮಂಚದ ಕಾಲಿಗೆ ಹಗ್ಗ ಬಿಗದು
ಎರಡು ಸರ್ತಿ ಜಗ್ಗಿದ, ಬಾಯಿಲೆ ಗಂಟಿ ಬಾರಿಸಿದ.
ಮಂಚ ಹೊಂಟಿತು.
ಹುಬ್ಬು ಗಂಟು ಹಾಕಿ, ಥೇಟ್ ನನ್ನಂಗ:
'ಎಲ್ಲಿಗ್ರೀ?'
ಯಾಕೋ ಅದ ಬಾಯಿಗೆ ಬಂತು. ಶಿರೋಳ, ಅಂದೆ.
ಮೂಗು ಒರೆಸಿಕೊಂಡ. ಪಂಚು ಕೈಯಾಗ ತಿರುವಿ ತಿರುವಿ
ಭಾಳ ಹೊತ್ತು ವಿಚಾರ ಮಾಡಿದ.
'ಈ ಬಸ್ ಅಲ್ಲಿಗೆ ಹೋಗಂಗಿಲ್ರೀ.
ಆದ್ರ ಇಳಿಬ್ಯಾಡ್ರಿ, ಹೊರಗ ಥಂಡಿ ಅದ.
ಡ್ರೈವರ್ ಗ ಕೇಳಿ ಬರ್ತೀನಿ.'
ಟಕ್.
ಅರ್ಧ ತಿಕೀಟು ಕೊಟ್ಟ. ಮುದುಕರಿಗೆ ಅರ್ಧಂತ.

ಹಾಳಿ ದಿಂಬಿನ ಕೆಳಗದ, ನಾಕನೇ ಖಾನೆ ಖಾಲಿ.
ತುಂಬೂನಂದ್ರ ಪೆನ್ನು ಅವನ ಕಿವಿಗೆ ಸಿಗಿಸಿಕೊಂಡಾನ,
ಅಂವಾ ಇನ್ನೂ ಅಡಗಿಮನಿಯೊಳಗ ನಿಂತು
ನೀರಿನ ಹರಿವಿ ಕೂಡ
ದಾರಿಯ ಮಾತಾಡ್ಲಿಕತ್ತಾನ.