ನೀರಿಗೆ ಕೊಟ್ಟ ಹೆಣ್ಣು

ಗಂಡ ಸತ್ತ ಮೂರನೆಯ ವರ್ಷ
ಊರವರು ಸೇರಿ ನನ್ನನ್ನು ನೀರಿಗೆ ಕೊಟ್ಟರು.
ನಗಬೇಡ ಹುಡುಗಿ. ಮುಲ್ಲಾ ಬಂದಿದ್ದ, ಕಾಗದವಿತ್ತು,
ವರ್ಷಕ್ಕೆ ಎರಡು ಮೂಟೆ ಗೋಧಿ, ಒಂದು ಕನ್ನಡಿ ತೆರ.
ಕಾರೇಜು ಗಂಡು; ಒಂಟಿ ಬಿಟ್ಟರೆ ಮುನಿಯುತ್ತಾನೆ,
ಬತ್ತುತ್ತಾನೆ, ಅಂತ ನಮ್ಮ ಕಡೆ ಮಾತು.
ಅವನ ತವರು ಶೀರ್‌ಕೂಹ್ ಬೆಟ್ಟದ ಬುಡ.
ಅಲ್ಲಿಂದ ನೆಲದಡಿಯ ಕತ್ತಲಲ್ಲಿ
ಬಗ್ಗಿಕೊಂಡೇ ಮೂರು ಹರದಾರಿ ನಡೆದು
ನಮ್ಮ ಹಿಪ್ಪುನೇರಳೆಯ ಕೆಳಗೆ ತಲೆಯೆತ್ತುತ್ತಾನೆ.

ಷರತ್ತು ಒಂದೇ: ತಿಂಗಳಿಗೊಮ್ಮೆ
ಅವನೊಳಗಿಳಿದು ಮೀಯಬೇಕು.
ಮೊದಲ ಸಲ ಕುತ್ತಿಗೆಯ ತನಕ ಬಂದ.
ಹಲ್ಲು ಕಟಕಟ. ಸತ್ತವನ ಕೈ ಕೂಡ
ಅಷ್ಟು ತಣ್ಣಗಿರಲಿಲ್ಲ.
ಆಮೇಲೆ ಎದೆ. ಆಮೇಲೆ, ಯಾವಾಗ ಎಂದು ಗೊತ್ತಾಗದ ಹಾಗೆ,
ಸೊಂಟ.

ನಸ್ತರನ್, ನೀನು ಸೀಸೆಗಳನ್ನು ತಂದೆ.
ಗಾಳಿಯ ಗುಳ್ಳೆ ಒಂದೂ ಹೊಗಬಾರದೆಂದು
ನೀರೊಳಗೇ ಕೈಯಿಟ್ಟು ಮುಚ್ಚಳ ತಿರುಗಿಸಿದೆ.
ನಾಲ್ಕು ತಿಂಗಳ ಮೇಲೆ ಬಂದು ಹೇಳಿದೆ:
ಅಜ್ಜಿ, ಈ ನೀರಿಗೆ ಐವತ್ತು ದಾಟಿದೆ.

ಐವತ್ತು!
ಬೆರಳು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.
ಹಾಗಾದರೆ ಇದು ನನ್ನ ಸಕೀನೆ ಹುಟ್ಟಿದ ಚಳಿಗಾಲದ ಹಿಮ.
ಬಾಗಿಲು ಹೂತುಹೋಗಿ ಸೂಲಗಿತ್ತಿ
ಮಾಡಿನ ಬೆಳಕಿಂಡಿಯಿಂದ ಹಗ್ಗ ಹಿಡಿದು ಇಳಿದಳು.
ಆ ಹಿಮವನ್ನು ನಾನು ಬಾಯಿಗೆ ಬಂದಂತೆ ಬೈದಿದ್ದೆ.
ಅದರಲ್ಲೇ ಈಗ ಬೇಳೆ ಬೇಯುತ್ತಿದೆ.

ಹಿಮವೆಂದರೆ ಬಂದು ಕೂರುವ ನೆಂಟ.
ಮೆಟ್ಟು ಬಿಚ್ಚಿ, ಕಂಬಳಿ ಎಳೆದುಕೊಂಡು,
ನೌರೋಜ್ ಕಳೆದು ಬಾದಾಮಿ ಕಾಯಿ ಕಟ್ಟುವ ತನಕ
ಬೆಟ್ಟದ ಮಗ್ಗುಲು ಬಿಡುತ್ತಿರಲಿಲ್ಲ.
ಬಂಡೆಯ ಬಿರುಕಿಗೆ ಬಾಯಿಟ್ಟು
ತೊಟ್ಟು ತೊಟ್ಟಾಗಿ ಅದೇನು ಹೇಳುತ್ತಿತ್ತೋ,
ಬೆಟ್ಟ ಕೇಳಿಸಿಕೊಂಡು ಒಳಗಿಟ್ಟುಕೊಳ್ಳುತ್ತಿತ್ತು.

ಈಗ ಮಳೆ. ಬಂದ ಕಾಲಲ್ಲೇ ಹೊರಡುವವನು.
ಹೋದ ಬಹಮನ್ ತಿಂಗಳು, ಹಿಮ ಬೀಳಬೇಕಿದ್ದ ರಾತ್ರಿ
ಧೋ ಎಂದು ಸುರಿದು
ಯಾದುಲ್ಲಾನ ಎರಡು ಕುರಿ, ಒಂದು ಗೋಡೆ
ಕಂಕುಳಲ್ಲಿ ಸಿಕ್ಕಿಸಿಕೊಂಡು
ಉಪ್ಪಿನ ಬಯಲಿಗೆ ಓಡಿದ.
ಬೆಟ್ಟಕ್ಕೆ ಒಂದು ಗುಟುಕು ನುಂಗುವಷ್ಟೂ ಪುರಸೊತ್ತಿಲ್ಲ.
ಅಷ್ಟಿಷ್ಟು ಹಿಮ ಬಿದ್ದರೂ
ನೀರಾಗುವ ಮೊದಲೇ ಬಿಸಿಗಾಳಿ ನೆಕ್ಕಿಬಿಡುತ್ತದೆ.

ಕೆಳಗಿನ ಪಿಸ್ತಾ ತೋಟದ ಬೋರ್‌ವೆಲ್ಲುಗಳೇ ಕಾರಣ ಎಂದರು.
ಹೌದು, ಅವೂ.
ಮುದುಕಿಯಾದಳು, ಅದಕ್ಕೇ ಅವನಿಗೆ ಮನಸ್ಸಿಲ್ಲ,
ಎಳೆಯ ಹೆಣ್ಣು ನೋಡೋಣ ಎಂದೂ ಅಂದರಂತೆ.
ಬರಲಿ ಸವತಿ.
ಮೀಯುವುದಕ್ಕೆ ಬೋಗುಣಿ ತರಲು ಹೇಳಿ.

ನೀನು ಬೂದಿಯಲ್ಲಿ ಗೀಟೆಳೆದು ತೋರಿಸಿದ್ದು
ನೆನಪಿದೆ: ಮೇಲೆ ಹೊಸ ನೀರು ಇಂಗಿ ತಳ್ಳಿದರೆ
ಕೆಳಗೆ ಹಳೆ ನೀರು ಹೊರಡುತ್ತದೆ.
ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿತು ಅಂತ
ನಾವು ಗೊಣಗುತ್ತೇವಲ್ಲ, ಸುಳ್ಳು.
ಹಿಂದಿನಿಂದ ಕೈ ಕೊಡುವವರಿಲ್ಲದೆ
ನನ್ನ ಮುದುಕ ಅಲ್ಲೇ ಎಲ್ಲೋ
ಕಲ್ಲಿಗೆ ಒರಗಿ ಕೂತಿದ್ದಾನೆ.
ಈ ವರ್ಷ ಇಂಗದೆ ಹೋದ ನೀರಿಗೆ
ಪೂರ್ತಿ ಬಾಯಾರಬೇಕಾದವರು ಇನ್ನೂ ಹುಟ್ಟಿಲ್ಲ ಎಂದೆ ನೀನು.
ಆ ಮಾತು ಹೇಳಿ ಚಹಾ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತೆ.

ಮೊನ್ನೆ ಯಾದುಲ್ಲಾ ಬಿಳಿ ಬಟ್ಟೆ ಉಟ್ಟು ತಾಯಿಬಾವಿಗೆ ಇಳಿದ.
(ಮಣ್ಣು ಕುಸಿದರೆ ಅದೇ ಕಫನ್, ಬೇರೆ ಖರ್ಚಿಲ್ಲ.)
ಹೊತ್ತು ಮುಳುಗುವ ಹೊತ್ತಿಗೆ ಹಗ್ಗ ಅಲುಗಿತು.
ಗೋಡೆ ಬೆವರುತ್ತಿದೆ, ಅಷ್ಟೇ, ಎಂದ.
ಮೀಸೆಯ ಮೇಲಿನ ಕೆಸರು ಆಗಲೇ ಒಣಗಿತ್ತು.

ಶುಕ್ರವಾರ ನಾನು ಹೋದೆ.
ಮೀನಖಂಡದ ಅರ್ಧಕ್ಕೂ ಬರಲಿಲ್ಲ.
ಕೂತೆ. ಸರದಿ ಅಳೆಯುವ ತಾಮ್ರದ ಬಟ್ಟಲಲ್ಲಿ
ಅವನನ್ನು ಮೊಗೆದು ಮೊಗೆದು ತಲೆಗೆ ಹೊಯ್ದುಕೊಂಡೆ.
ಬಟ್ಟಲಿನ ತಳದ ತೂತಿನಿಂದ
ಅರ್ಧ ಸೋರಿ ಅವನಿಗೇ ಹಿಂತಿರುಗಿತು.
ಇನ್ನೂ ಅಷ್ಟೇ ತಣ್ಣಗಿದ್ದಾನೆ, ಹುಡುಗಿ.

ಗೋಧಿ ಈ ಸಲ ಒಂದೇ ಮೂಟೆ ಬಂತು.
ನಾನು ಕೇಳಲಿಲ್ಲ.
ತಂದವನು ಬಾಗಿಲಲ್ಲಿ ಇಳಿಸಿ, ಬೆನ್ನು ನೀವಿಕೊಂಡು,
ಆಕಾಶ ನೋಡಿದ.